ದೊಡ್ಡಕೆರೆಯ ಬೋಟ್ ಮೋಟಾರು

ಸತ್ತವರು ಮತ್ತೆ ಬರುತ್ತಾರೆ, ಏನಾದರೊಂದು ರೀತಿಯಲ್ಲಿ ತಾವಿರುವುದನ್ನು ತಿಳಿಸುತ್ತಾರೆ ಎಂದು ಯಾರಾದರೂ ಹೇಳತೊಡಗಿದರೆ ಮೊದಲೆಲ್ಲ ನಾನು ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಅವರೊಡನೆ ವಾದ ಮಾಡುವಷ್ಟು ತಾಳ್ಮೆಯೂ ನನಗಿರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವಳು ನಾನು. ಮಕ್ಕಳು ಬಂದು ಹುಣಸೆಮರದ ದೆವ್ವದ ಕಥೆ ಹೇಳಿದರೆ, ಕೂರಿಸಿಕೊಂಡು ಗಾಳಿ, ನೆರಳು, ಬಾವಲಿ ಎಲ್ಲವನ್ನೂ ವಿವರಿಸಿ ಕಳಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಇವತ್ತಿಗೂ ನನ್ನ ಅಭಿಪ್ರಾಯ ಅಷ್ಟೇನೂ ಬದಲಾಗಿಲ್ಲ. ಆದರೆ ಒಂದು ಬೆಳಗಿನ ಸಂಗತಿ ಮಾತ್ರ ನನ್ನ ಯಾವ ಲೆಕ್ಕಕ್ಕೂ ಸಿಗದೆ ಉಳಿದುಕೊಂಡಿದೆ. ಅದನ್ನು ನಡೆದ ಹಾಗೆಯೇ ಬರೆಯುತ್ತೇನೆ. ನೀವು ನಂಬಬೇಕೆಂದು ಕೇಳುವುದಿಲ್ಲ.

ನನ್ನ ತವರು ಗುಬ್ಬಿ. ಮದುವೆಯಾಗಿ ಕುಣಿಗಲ್ಲಿಗೆ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ನಮ್ಮವರು ಮೆಕ್ಯಾನಿಕ್. ತುಮಕೂರಿನ ಶಿರಾ ಗೇಟಿನಲ್ಲಿ ಬಷೀರ್ ಸಾಬರು ಎಂಬುವರ ವರ್ಕ್‌ಶಾಪಿನಲ್ಲಿ ಡೀಸೆಲ್ ಪಂಪ್‌ಸೆಟ್ ರಿಪೇರಿ ಕಲಿತು, ಆಮೇಲೆ ತಮ್ಮೂರಿಗೇ ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ಸಣ್ಣದೊಂದು ಅಂಗಡಿ ಇಟ್ಟುಕೊಂಡಿದ್ದರು. ಮನೆಯಲ್ಲಿ ಅವರು, ನಾನು ಮತ್ತು ನಮ್ಮತ್ತೆ. ಮಾವ ಬಹಳ ಹಿಂದೆಯೇ ತೀರಿಕೊಂಡಿದ್ದರು. ನಮಗೆ ಮಕ್ಕಳಾಗಲಿಲ್ಲ. ಆ ಕೊರತೆಯನ್ನು ಅವರು ಒಂದು ದಿನವೂ ಬಾಯಿಬಿಟ್ಟು ಆಡಲಿಲ್ಲ.

ಕುಣಿಗಲ್ಲಿನ ದೊಡ್ಡಕೆರೆಯಲ್ಲಿ ಆಗ ಮೀನು ಹಿಡಿಯುವವರದೊಂದು ಚಿಕ್ಕ ಸಂಘವಿತ್ತು. ಅವರಿಗೆ ಎಲ್ಲಿಂದಲೋ ಹಳೆಯದೊಂದು ಬೋಟು, ಅದರ ಹಿಂಬದಿಗೆ ತಗುಲಿಸುವ ಪೆಟ್ರೋಲ್ ಮೋಟಾರು ಸಿಕ್ಕಿದ್ದವು. ನಮ್ಮ ಕಡೆ ಅಂಥ ಮೋಟಾರನ್ನು ಕಂಡವರೇ ಕಡಿಮೆ, ಬಿಚ್ಚಿ ನೋಡಿದವರಂತೂ ಇರಲೇ ಇಲ್ಲ. ಹೀಗಾಗಿ ಅದು ನಮ್ಮವರ ಪಾಲಿಗೆ ಬಂತು. ಕೆರೆ ಏರಿಯ ಪಕ್ಕದ ಶೆಡ್ಡಿನಲ್ಲಿ ಅದನ್ನಿಟ್ಟು ಬೀಗ ಹಾಕುತ್ತಿದ್ದರು. ಬೀಗದ ಕೈ ನಮ್ಮ ಮನೆಯಲ್ಲೇ ಇರುತ್ತಿತ್ತು.

ಭಾನುವಾರ ನನಗೆ ಸ್ಕೂಲಿಲ್ಲ. ಬೆಳಿಗ್ಗೆ ತಿಂಡಿ ಮುಗಿಸಿ ಅವರ ಜೊತೆ ನಾನೂ ಕೆರೆಗೆ ಹೋಗುತ್ತಿದ್ದೆ. ಮೊದಮೊದಲು ಸುಮ್ಮನೆ ದಡದಲ್ಲಿ ಕೂತಿರುತ್ತಿದ್ದವಳು ಆಮೇಲಾಮೇಲೆ ಸ್ಪ್ಯಾನರ್ ಎತ್ತಿಕೊಡುವುದು, ಪೆಟ್ರೋಲಿಗೆ ಆಯಿಲ್ ಬೆರೆಸುವುದು, ಹಗ್ಗ ಎಳೆದು ಸ್ಟಾರ್ಟ್ ಮಾಡುವುದು, ಹಿಡಿಕೆ ಹಿಡಿದು ಬೋಟನ್ನು ತಿರುಗಿಸುವುದು ಎಲ್ಲ ಕಲಿತೆ. ಹೆಂಗಸು ಬೋಟು ಓಡಿಸುತ್ತಾಳೆ ಎಂದು ಏರಿಯ ಮೇಲೆ ಹೋಗುವ ಬಸ್ಸಿನವರು ಬಗ್ಗಿ ಬಗ್ಗಿ ನೋಡುತ್ತಿದ್ದರು. ನಮ್ಮವರಿಗೆ ಅದರಿಂದ ಬಲು ಖುಷಿ.

ಆ ಮೋಟಾರಿನ ಬಗ್ಗೆ ಒಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಅದು ತಿಳಿಯದಿದ್ದರೆ ಮುಂದಿನದು ನಿಮಗೆ ವಿಚಿತ್ರವೆಂದೇ ಅನಿಸುವುದಿಲ್ಲ. ಲಾರಿ, ಕಾರುಗಳ ಹಾಗೆ ಅದಕ್ಕೆ ರೇಡಿಯೇಟರ್ ಇಲ್ಲ. ಕೆರೆಯ ನೀರನ್ನೇ ಕೆಳಗಿನಿಂದ ಎಳೆದುಕೊಂಡು, ಇಂಜಿನ್ನಿನ ಸುತ್ತ ಹಾಯಿಸಿ, ಹೊರಗೆ ಬಿಡುತ್ತದೆ. ಹಾಗೆ ನೀರನ್ನು ಎಳೆಯುವುದು ಮೋಟಾರಿನ ಮುಳುಗಿರುವ ಕಾಲಿನೊಳಗೆ ಕೂತ ಒಂದು ಪುಟ್ಟ ರಬ್ಬರ್ ಚಕ್ರ. ಹೂವಿನ ಎಸಳುಗಳ ಹಾಗೆ ಅದಕ್ಕೆ ಸುತ್ತಲೂ ರೆಕ್ಕೆಗಳು. ಅದು ತಿರುಗಿದರೆ ನೀರು ಮೇಲೇರುತ್ತದೆ. ಏರಿದ್ದಕ್ಕೆ ಗುರುತಾಗಿ ಮೋಟಾರಿನ ಹಿಂದುಗಡೆ ಒಂದು ಸಣ್ಣ ತೂತಿನಿಂದ ಬಳಪದ ದಪ್ಪದ ನೀರು ಚಿಮ್ಮುತ್ತಿರುತ್ತದೆ. ಆ ನೀರು ನಿಂತಿತೆಂದರೆ ಇಂಜಿನ್ ಕಾದು ಸ್ವಲ್ಪ ಹೊತ್ತಿನಲ್ಲೇ ಹಿಡಿದುಕೊಂಡುಬಿಡುತ್ತದೆ. ಆಮೇಲೆ ಅದನ್ನು ಗುಜರಿಗೆ ಹಾಕಬೇಕು, ಅಷ್ಟೆ.

"ಸ್ಟಾರ್ಟ್ ಆಯ್ತು ಅಂತ ಹಿಗ್ಗಬೇಡ ಕಣೇ. ಮೊದ್ಲು ಹಿಂದೆ ತಿರುಗಿ ನೀರು ಬರ್ತಾ ಇದೆಯಾ ನೋಡು," ಎಂದು ಅವರು ಪ್ರತಿ ಸಲವೂ ಹೇಳುತ್ತಿದ್ದರು.

ನಮ್ಮ ಕೆರೆಯಲ್ಲಿ ಪಾಚಿ ಹೆಚ್ಚು, ಕೆಸರೂ ಹೆಚ್ಚು. ನೀರು ಸಣ್ಣಗಾದರೆ ಮೊದಲು ಕಾಲಿನ ಜಾಲರಿಗೆ ಮೆತ್ತಿದ ಪಾಚಿ ತೆಗೆಯಬೇಕು. ಆಗಲೂ ಬಾರದಿದ್ದರೆ ತೂತಿಗೆ ಬಲೆಯ ನೈಲಾನ್ ಎಳೆ ತೂರಿಸಿ ಕೆಸರು ಬಿಡಿಸಬೇಕು. ಅದೂ ಆಗದಿದ್ದರೆ ಕಾಲು ಬಿಚ್ಚಿ ರಬ್ಬರ್ ಚಕ್ರ ನೋಡಬೇಕು. ಕೆಲಸ ಮುಗಿದ ಮೇಲೆ ಪ್ರತಿ ಭಾನುವಾರ ಅವರು ಮೋಟಾರನ್ನು ಬಾವಿ ನೀರು ತುಂಬಿದ ಡ್ರಮ್ಮಿನಲ್ಲಿ ನಿಲ್ಲಿಸಿ, ಒಳಗಿನ ಕೆಸರೆಲ್ಲ ತೊಳೆದು ಹೋಗುವವರೆಗೆ ಓಡಿಸುತ್ತಿದ್ದರು. ಮಗುವಿಗೆ ಎಣ್ಣೆ ನೀರು ಹಾಕಿದ ಹಾಗೆ ಎಂದು ಒಮ್ಮೆ ನಾನು ನಕ್ಕಿದ್ದೆ. ಅವರು ನಗಲಿಲ್ಲ, ಮುಖ ತಿರುಗಿಸಿ ಡ್ರಮ್ಮಿನ ನೀರನ್ನೇ ನೋಡುತ್ತ ನಿಂತರು. ಅಂಥ ಮಾತು ಮತ್ತೆ ನನ್ನ ಬಾಯಿಂದ ಬರಲಿಲ್ಲ.

ಒಂದು ಸಲ ಇಂಜಿನ್ನಿನೊಳಗಿನ ಥರ್ಮೋಸ್ಟಾಟ್ ಕೆಟ್ಟಿದೆಯೇನೋ ಎಂದು ಅನುಮಾನವಾಗಿ ಅದನ್ನು ಬಿಚ್ಚಿ ಮನೆಗೆ ತಂದರು. ಇಂಜಿನ್ ಬಿಸಿಯಾದಾಗ ತಾನೇ ಬಾಯಿ ತೆರೆದು ನೀರು ಬಿಡುವ ಚಿಕ್ಕ ಸಾಮಾನು ಅದು. ನಮ್ಮತ್ತೆಯ ಸಾರಿನ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಅದನ್ನು ಇಳಿಬಿಟ್ಟು, ನಾವಿಬ್ಬರೂ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತೆವು. ನೀರು ಕಾಯುತ್ತ ಬಂದ ಹಾಗೆ ಅದು ನಿಧಾನವಾಗಿ ಬಾಯಿ ಬಿಟ್ಟಿತು. ಕ್ಲಾಸಿನಲ್ಲಿ ವಸ್ತುಗಳು ಬಿಸಿಗೆ ಹಿಗ್ಗುತ್ತವೆ ಎಂದು ಎಷ್ಟು ಸಲ ಪಾಠ ಮಾಡಿದ್ದೆನೋ, ಅಷ್ಟು ಸೊಗಸಾಗಿ ಅದನ್ನು ನಾನು ಎಂದೂ ಕಂಡಿರಲಿಲ್ಲ. ಅತ್ತೆ ಬಂದು ನೋಡಿ, "ಸಾರಿನ ಪಾತ್ರೆಗೆ ಮಿಷನ್ ಬೇಯಕ್ಕೆ ಹಾಕವ್ರಲ್ಲಪ್ಪ ಗಂಡ ಹೆಂಡ್ತಿ," ಎಂದು ಬೈದು, ಆ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಎರಡೆರಡು ಸಲ ಉಜ್ಜಿದರು. ರಾತ್ರಿ ಊಟಕ್ಕೆ ಕೂತಾಗ ಮೂವರಿಗೂ ನಗು ತಡೆಯಲಾಗಲಿಲ್ಲ.

ಇಂಥ ದಿನಗಳು ಇನ್ನೂ ಬಹಳ ಇವೆ ಎಂದುಕೊಂಡಿದ್ದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗಣೇಶನ ಹಬ್ಬ ಕಳೆದ ಮೇಲೆ ಅವರಿಗೆ ಕಾಮಾಲೆ ಬಂತು. ಮೊದಲು ಸುಸ್ತು ಎಂದರು, ಊಟ ಸೇರುತ್ತಿಲ್ಲ ಎಂದರು. ಮೈ ಬೆಚ್ಚಗಿದ್ದರೂ ಒಂದು ಮಧ್ಯಾಹ್ನ ಕೆರೆಗೆ ಹೋಗಿ ಮೋಟಾರಿನ ಕೆಲಸ ಮಾಡಿ ಬಂದರು. ಬಂದವರೇ ಖಾಕಿ ಕೋಟನ್ನು ಬಾಗಿಲ ಹಿಂದಿನ ಮೊಳೆಗೆ ಹಾಕಿ ಮಲಗಿದರು. ಅವರು ಮತ್ತೆ ಕೆರೆಯ ಕಡೆ ಹೋಗಲಿಲ್ಲ. ನಾಟಿ ಔಷಧಿ ಕೊಡುವವರ ಹತ್ತಿರ ಹೋಗಿ ಸೊಪ್ಪಿನ ರಸ ಕುಡಿಸಿದೆವು, ಪಥ್ಯ ಮಾಡಿಸಿದೆವು, ಕೊನೆಗೆ ತುಮಕೂರಿನ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಮಾಡುವುದನ್ನೆಲ್ಲ ಮಾಡಿದರು. ಲಿವರ್ ಪೂರ್ತಿ ಹೋಗಿದೆ ಎಂದರು.

ಕೊನೆಯ ದಿನ ಅವರಿಗೆ ಪ್ರಜ್ಞೆ ಬರುವುದು ಹೋಗುವುದು ಆಗುತ್ತಿತ್ತು. ಒಮ್ಮೆ ಕಣ್ಣು ಬಿಟ್ಟು, "ನೀರು ಬರ್ತಾ ಇದೆಯಾ ನೋಡೇ," ಎಂದರು. ಬಾಯಾರಿಕೆಯೆಂದು ತಿಳಿದು ನಾನು ಚಮಚದಲ್ಲಿ ನೀರು ಹಿಡಿದೆ. ಕೈಯಿಂದ ತಳ್ಳಿದರು. ಆಮೇಲೆ ಅವರು ಮಾತಾಡಲಿಲ್ಲ. ಸಂಜೆ ಹೋಗಿಬಿಟ್ಟರು.

ಕರ್ಮಾಂತರ ಮುಗಿದ ಮೇಲೆ ನಮ್ಮಣ್ಣ ಗುಬ್ಬಿಗೆ ಕರೆದುಕೊಂಡು ಹೋಗಲು ಬಂದ. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದು ಕಳಿಸಿದೆ. ಅತ್ತೆಯನ್ನು ಒಬ್ಬರನ್ನೇ ಬಿಟ್ಟು ಹೋಗುವ ಮನಸ್ಸಿರಲಿಲ್ಲ. ಅವರು ಅಡಿಗೆ ಮಾಡುತ್ತಿದ್ದರು, ನಾನು ಸ್ಕೂಲಿಗೆ ಹೋಗಿ ಬರುತ್ತಿದ್ದೆ. ಬಾಗಿಲ ಹಿಂದಿನ ಕೋಟನ್ನು ಇಬ್ಬರೂ ಮುಟ್ಟಲಿಲ್ಲ.

ಆ ವರ್ಷ ಹಿಂಗಾರು ಜೋರಾಗಿ ಸುರಿಯಿತು. ಹಗಲೂ ರಾತ್ರಿ ಬಿಡದೆ ಹೊಡೆದ ಮಳೆಗೆ ದೊಡ್ಡಕೆರೆ ತುಂಬಿ ಕೋಡಿ ಬಿತ್ತು. ಒಂದು ದಿನ ಬೆಳಗಾಗುತ್ತಿದ್ದಂತೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಸಂಘದ ನಿಂಗಣ್ಣ, ಅವನ ಹಿಂದೆ ಇನ್ನು ಕೆಲವರು. ನಿಂಗಣ್ಣ ವಯಸ್ಸಾದ ಮೀನುಗಾರ, ಬೋಟಿನಲ್ಲಿ ಯಾವಾಗಲೂ ನಮ್ಮವರ ಜೊತೆ ಇರುತ್ತಿದ್ದವನು. ಕೆರೆಯ ಮೇಲ್ಗಡೆ ಒಂದು ತೋಟದ ಮನೆಯ ಸುತ್ತ ನೀರು ಏರಿಬಿಟ್ಟಿದೆ, ಒಳಗೆ ಗಂಡ ಹೆಂಡತಿ, ಬಾಣಂತನಕ್ಕೆ ಬಂದ ಅವರ ಮಗಳು ಮತ್ತು ಹಸುಗೂಸು ಇದ್ದಾರೆ, ಗೋಡೆ ನೆನೆದು ಕುಸಿಯುತ್ತಿದೆ ಎಂದ. ಹರಿಗೋಲಿನವರು ಹೋಗಲು ನೋಡಿ, ಹಳ್ಳದ ಸೆಳವಿಗೆ ಸಿಕ್ಕಿ, ಬದುಕಿದರೆ ಸಾಕೆಂದು ವಾಪಸ್ ಬಂದಿದ್ದರು.

"ಬೋಟ್ ಬಿಟ್ರೆ ಬೇರೆ ದಾರಿ ಇಲ್ಲ ಟೀಚರಮ್ಮ. ಅದನ್ನ ಸ್ಟಾರ್ಟ್ ಮಾಡಾದು ನಮ್ಗೆ ಯಾರಿಗೂ ಬರಾಕಿಲ್ಲ," ಎಂದ ನಿಂಗಣ್ಣ.

ಗುಂಪಿನಲ್ಲಿದ್ದ ಯಾರೋ ಒಬ್ಬರು, ಗಂಡ ಸತ್ತು ಇನ್ನೂ ಎಷ್ಟು ದಿನ ಆಗಿದೆ, ಬಾಣಂತಿಯ ಹತ್ತಿರ ಇವಳು ಹೋಗುವುದೇ ಎಂದು ಮೆಲ್ಲಗೆ ಗೊಣಗಿದರು. ನನಗೂ ಕೇಳಿಸಿತು, ಅತ್ತೆಗೂ ಕೇಳಿಸಿತು. ಅವರು ಒಳಗಿನಿಂದ ಬೀಗದ ಕೈ ತಂದು ನನ್ನ ಕೈಗಿಟ್ಟರು.

"ಹಸುಗೂಸು ನೀರಲ್ಲೈತೆ, ಇವ್ರು ಶಕುನ ನೋಡ್ತಾವ್ರೆ. ನೀನು ಹೋಗು ಮಗ. ಜೋಪಾನ," ಎಂದರು.

ಜಡಿ ಮಳೆ ಹಿಡಿದುಕೊಂಡೇ ಇತ್ತು. ಬಾಗಿಲ ಹಿಂದಿನ ಕೋಟನ್ನು ತೆಗೆದು ಹಾಕಿಕೊಂಡೆ. ಅದಕ್ಕಿನ್ನೂ ಪೆಟ್ರೋಲಿನ ವಾಸನೆ, ಅವರ ವಾಸನೆ ಎರಡೂ ಇದ್ದವು. ದಾರಿಯುದ್ದಕ್ಕೂ ನಾನು ತಲೆಯೆತ್ತಲಿಲ್ಲ.

ಶೆಡ್ಡಿನಿಂದ ಮೋಟಾರನ್ನು ಹೊತ್ತು ತಂದು ಬೋಟಿಗೆ ತಗುಲಿಸಿದರು. ನಮ್ಮವರು ಮಾಡುತ್ತಿದ್ದ ಹಾಗೆಯೇ ಎಲ್ಲ ಮಾಡಿದೆ. ಪೆಟ್ರೋಲಿಗೆ ಆಯಿಲ್ ಬೆರೆಸಿದೆ, ಪೆಟ್ರೋಲ್ ಮೇಲೇರಲೆಂದು ಪೈಪಿನ ನಡುವಿನ ರಬ್ಬರ್ ಗುಂಡನ್ನು ಗಟ್ಟಿಯಾಗುವವರೆಗೆ ಒತ್ತಿದೆ, ಚೋಕ್ ಎಳೆದೆ, ಹಗ್ಗ ಎಳೆದೆ. ಕೆಲವು ಸಲ ಬರೀ ಕೆಮ್ಮಿತು. ಆಮೇಲೆ ಹೊಗೆ ಬಿಟ್ಟು ಸ್ಟಾರ್ಟ್ ಆಯಿತು. ನಾನು ಹಿಂದೆ ತಿರುಗಿ ನೋಡಿದೆ. ತೂತಿನಿಂದ ನೀರು ಬರುತ್ತಿರಲಿಲ್ಲ. ಬಂದ್ ಮಾಡಬೇಕೆಂದು ಕೈ ಗುಂಡಿಯ ಮೇಲಿಟ್ಟೆ. ಅಷ್ಟರಲ್ಲಿ ಎರಡು ಹನಿ ಉದುರಿ, ಸಣ್ಣಗೆ ನೀರು ಬಂತು, ನೋಡನೋಡುತ್ತಿದ್ದಂತೆ ದಪ್ಪವಾಗಿ ಚಿಮ್ಮತೊಡಗಿತು. ಮನಸ್ಸಿಗೆ ಧೈರ್ಯವಾಯಿತು. ನಿಂಗಣ್ಣ ಮುಂದೆ ಗಳ ಹಿಡಿದು ಕೂತ. ಹೊರಟೆವು.

ಆ ಕೆರೆಯನ್ನು ನಾನು ಹಾಗೆ ಎಂದೂ ನೋಡಿರಲಿಲ್ಲ. ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ತೆಂಗಿನ ಗರಿ, ಬೇರು ಸಮೇತ ಕಿತ್ತ ಜೊಂಡು, ರಾಗಿ ಹುಲ್ಲಿನ ಕಂತೆ ಎಲ್ಲ ತೇಲಿ ಬರುತ್ತಿದ್ದವು. ಅಂಥ ಕಸದಲ್ಲಿ ಜಾಲರಿ ಮುಚ್ಚಿಹೋಗಿ ನೀರು ನಿಲ್ಲಲೇಬೇಕು. ನಾನು ಮುಂದೆ ನೋಡುವುದಕ್ಕಿಂತ ಹೆಚ್ಚಾಗಿ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದೆ. ತೂತಿನ ನೀರು ಮಾತ್ರ ಒಂದೇ ಸಮನೆ ಬರುತ್ತಿತ್ತು. ಹಳ್ಳದ ಸೆಳವು ಬೋಟನ್ನು ಅಡ್ಡಕ್ಕೆ ನೂಕಿದಾಗ ಪೂರ್ತಿ ವೇಗ ಕೊಟ್ಟೆ. ಮೋಟಾರು ಅರಚಿಕೊಂಡಿತೇ ಹೊರತು ಸೋಲಲಿಲ್ಲ.

ತೋಟದ ಮನೆಯ ಒಂದು ಗೋಡೆ ಆಗಲೇ ಬಿದ್ದಿತ್ತು. ಹಿತ್ತಿಲ ಕಡೆಯ ದಿಬ್ಬದ ಮೇಲೆ ಗೋಣಿಚೀಲ ಹೊದ್ದುಕೊಂಡು ಅವರು ನಿಂತಿದ್ದರು. ಬೋಟನ್ನು ಒಂದು ತೆಂಗಿನ ಮರಕ್ಕೆ ಕಟ್ಟಿ, ಮೋಟಾರನ್ನು ಬಂದ್ ಮಾಡದೆ ಸಣ್ಣಗೆ ಬಿಟ್ಟುಕೊಂಡೆ. ಮತ್ತೆ ಸ್ಟಾರ್ಟ್ ಆಗದಿದ್ದರೆ ಎಂಬ ಹೆದರಿಕೆ. ಬಾಣಂತಿಯ ಅಪ್ಪ ಗೂಸನ್ನು ಎದೆಗವಚಿಕೊಂಡು ಮೊದಲು ಇಳಿದು ಬಂದ. ಬಾಣಂತಿಯನ್ನು ಅವಳ ತಾಯಿ ಮೆಲ್ಲಗೆ ನಡೆಸಿಕೊಂಡು ಬರುತ್ತಿದ್ದಳು. ಚಳಿಗೆ ಕೈ ಮರಗಟ್ಟಿದಂತಾಗಿ ಕೋಟಿನ ಜೇಬಿಗೆ ಹಾಕಿದೆ. ಏನೋ ದುಂಡನೆಯದು ಸಿಕ್ಕಿತು. ತೆಗೆದು ನೋಡಿದರೆ ಆ ರಬ್ಬರ್ ಚಕ್ರ. ಎರಡು ಮೂರು ರೆಕ್ಕೆ ಹರಿದಿದ್ದವು, ಉಳಿದವು ಒಂದೇ ಕಡೆಗೆ ಮಡಚಿಕೊಂಡು ಹಾಗೆಯೇ ಗಟ್ಟಿಯಾಗಿದ್ದವು. ನಮ್ಮವರು ಹಳೆಯದನ್ನು ತೆಗೆದು ಹೊಸದನ್ನು ಹಾಕಿ, ಇದನ್ನು ಜೇಬಿಗೆ ಹಾಕಿಕೊಂಡಿದ್ದಾರೆ ಎಂದುಕೊಂಡೆ. ಅವರ ಕೈ ಮುಟ್ಟಿದ ಸಾಮಾನು ಎಂದು ಹಾಗೇ ಹಿಡಿದುಕೊಂಡಿದ್ದೆ.

ನಿಂಗಣ್ಣ ಅದನ್ನು ನೋಡಿದ. "ಇದೆಲ್ಲಿತ್ತು ಟೀಚರಮ್ಮ?"

"ಕೋಟಿನ ಜೇಬಲ್ಲಿತ್ತು. ಹಳೇದು. ಹೊಸದು ಹಾಕಿದ ಮೇಲೆ ಇಟ್ಕೊಂಡಿದಾರೆ."

"ಹೊಸದೆಲ್ಲಿ ಬಂತು?" ಎಂದ ಅವನು. "ಬೆಂಗ್ಳೂರಿಂದ ತರಿಸ್ಬೇಕು ನಿಂಗಣ್ಣ ಅಂದಿದ್ರು. ಅಷ್ಟೊತ್ಗೆ ಮಲಗ್ಬುಟ್ರು. ಆಮ್ಯಾಕೆ ಯಾರೂ ತಂದಿಲ್ಲ. ಒಳಗೆ ಹಳೇದೇ ಐತೆ ಅಂತ ನಾನು ಅನ್ಕಂಡಿವ್ನಿ."

ನಾವಿಬ್ಬರೂ ಮೋಟಾರಿನ ಕಡೆ ತಿರುಗಿದೆವು. ಹಳೆಯದು ನನ್ನ ಕೈಯಲ್ಲಿತ್ತು. ಹೊಸದು ಬಂದೇ ಇರಲಿಲ್ಲ. ಹಾಗಾದರೆ ಆ ಕಾಲಿನೊಳಗೆ ಏನೂ ಇಲ್ಲ. ಆದರೂ ನೀರು ಬರುತ್ತಿತ್ತು. ಬೋಟು ಮರಕ್ಕೆ ಕಟ್ಟಿ ನಿಂತಿತ್ತು, ನೀರು ಒಂದೇ ಸಮನೆ ಬರುತ್ತಿತ್ತು. ನಾನು ಕೈ ಚಾಚಿ ಅದಕ್ಕೆ ಹಿಡಿದೆ. ಬೆಚ್ಚಗಿತ್ತು. ಇಂಜಿನ್ನಿನ ತಲೆಯ ಮೇಲೆ ಅಂಗೈ ಇಟ್ಟೆ. ನೀರು ಸರಿಯಾಗಿ ಹರಿಯುವಾಗ ಹೇಗಿರಬೇಕೋ ಹಾಗಿತ್ತು, ಅಂಗೈ ಇಟ್ಟುಕೊಳ್ಳಬಹುದಾದಷ್ಟು.

ನಿಂಗಣ್ಣ ತಲೆಯ ಟವಲ್ ತೆಗೆದು ಕಂಕುಳಲ್ಲಿಟ್ಟುಕೊಂಡ. ದೊಡ್ಡವರ ಎದುರು ನಿಂತಾಗ ಮಾಡುತ್ತಿದ್ದ ಹಾಗೆ. "ಹೊರಡವ್ವ. ನಿಲ್ಲಿಸ್ಬ್ಯಾಡ," ಎಂದ.

ವಾಪಸ್ ಬಂದದ್ದು ನನಗೆ ಸರಿಯಾಗಿ ನೆನಪಿಲ್ಲ. ಬಾಣಂತಿ ನನ್ನ ಕಾಲ ಬಳಿ ಮುದುರಿ ಕೂತಿದ್ದಳು, ಗೂಸು ಅಳುತ್ತಿತ್ತು. ಹಿಂದೆ ತಿರುಗಿ ನೋಡಲು ನನಗೆ ಭಯವಾಗುತ್ತಿತ್ತು. ನೀರು ನಿಂತಿದ್ದರೆ ಎಂಬ ಭಯವೋ, ನಿಂತಿರದಿದ್ದರೆ ಎಂಬ ಭಯವೋ ಹೇಳಲಾರೆ. ಹೋಗುವಾಗ ಅಷ್ಟು ಹೆಣಗಾಡಿಸಿದ ಸೆಳವನ್ನು ಯಾವಾಗ ದಾಟಿದೆವೆಂಬುದೂ ತಿಳಿಯಲಿಲ್ಲ.

ದಡದಲ್ಲಿ ಜನ ನೆರೆದಿದ್ದರು. ಅವರನ್ನು ಇಳಿಸಿಕೊಂಡು, ಕಂಬಳಿ ಹೊದಿಸಿ, ಯಾವುದೋ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಹತ್ತುವ ಮುಂಚೆ ಬಾಣಂತಿಯ ತಾಯಿ ತಿರುಗಿ ಬಂದು ನನ್ನ ಗಲ್ಲ ಸವರಿ, "ನಿನ್ನ ಹೊಟ್ಟೆ ತಣ್ಣಗಿರ್ಲಿ ತಾಯಿ," ಎಂದಳು. ಪಾಪ, ಅವಳಿಗೆ ನನ್ನ ವಿಷಯ ಏನೂ ಗೊತ್ತಿರಲಿಲ್ಲ. ಜನ ಜೀಪಿನ ಹಿಂದೆಯೇ ಚದುರಿದರು. ಬೋಟಿನ ಹಗ್ಗ ಹಿಡಿದು ನಿಂಗಣ್ಣ ಒಬ್ಬ ಉಳಿದ.

ನಾನು ಇಳಿಯಲಿಲ್ಲ. ಮೋಟಾರನ್ನು ಬಂದ್ ಮಾಡಲಿಲ್ಲ. ಒಂದು ಗುಂಡಿ ಒತ್ತಿದರೆ ಮುಗಿಯಿತು. ಆದರೆ ನಿಲ್ಲಿಸಿದ ಮೇಲೆ ಆ ನೀರು ಮತ್ತೆ ಬರುವುದಿಲ್ಲ ಎಂಬುದು ನನಗೆ ಯಾರೋ ಹೇಳಿದಷ್ಟು ಖಚಿತವಾಗಿ ಗೊತ್ತಿತ್ತು. ಹೇಗೆ ಗೊತ್ತಿತ್ತು ಎಂದು ಕೇಳಬೇಡಿ. ಮೋಟಾರಿನ ಪಕ್ಕದ ಹಲಗೆಗೆ ಸರಿದು ಕೂತು ಆ ನೀರಿಗೆ ಕೈಯೊಡ್ಡಿದೆ. ಅದು ಅಂಗೈ ತುಂಬಿ, ಬೆರಳ ಸಂದಿಯಿಂದ ಕೆರೆಗೆ ಬೀಳುತ್ತಿತ್ತು. ಏನಾದರೂ ಮಾತಾಡಬೇಕೆನಿಸಿತು. ಕೊನೆಗೆ, "ನಿಮ್ಮಮ್ಮ ಸರಿಯಾಗಿ ಊಟ ಮಾಡ್ತಾ ಇದಾರೆ, ಯೋಚನೆ ಮಾಡ್ಬೇಡಿ," ಎಂದೆ. ಓದಿದ ಹೆಂಗಸು ನಾನು, ಒಂದು ಮೋಟಾರಿನ ಎದುರು ಕೂತು ಹಾಗೆ ಹೇಳಿದೆ. ಆಮೇಲೆ ಅಳು ಬಂತು. ಅವರು ಹೋದಂದಿನಿಂದ ನಾನು ಹಾಗೆ ಅತ್ತಿರಲಿಲ್ಲ.

ನಿಂಗಣ್ಣ ನನ್ನನ್ನು ಏಳು ಎನ್ನಲಿಲ್ಲ. ಮಳೆಯಲ್ಲಿ ನೆನೆಯುತ್ತ ಹಗ್ಗ ಹಿಡಿದುಕೊಂಡೇ ನಿಂತಿದ್ದ. ಬಹಳ ಹೊತ್ತಾದ ಮೇಲೆ ಮೋಟಾರಿನ ಸದ್ದು ಏರಿಳಿಯತೊಡಗಿತು. ಪೆಟ್ರೋಲ್ ಮುಗಿಯುತ್ತ ಬಂದಿತ್ತು. ಡಬ್ಬವನ್ನು ಓರೆ ಮಾಡಿ ಹಿಡಿದೆ, ತಳದಲ್ಲಿದ್ದದ್ದೂ ಹೋಗಲಿ ಎಂದು. ಇನ್ನೊಂದಿಷ್ಟು ಹೊತ್ತು ನಡೆಯಿತು. ಆಮೇಲೆ ಒಂದೆರಡು ಸಲ ಕೆಮ್ಮಿ ನಿಂತುಹೋಯಿತು. ನೀರು ಸಣ್ಣಗಾಯಿತು, ಹನಿಯಾಯಿತು, ಹನಿಯೂ ನಿಂತಿತು.

ಒಂದು ವಾರ ಕಳೆದ ಮೇಲೆ ಶಿರಾ ಗೇಟಿನಿಂದ ಬಷೀರ್ ಸಾಬರು ಬಂದರು. ಶಿಷ್ಯನ ಮನೆಯವರನ್ನು ಮಾತಾಡಿಸಿಕೊಂಡು ಹೋಗಲು ಬಂದವರಿಗೆ ನಾನೇ ಮೋಟಾರು ನೋಡಿ ಎಂದು ಕೇಳಿಕೊಂಡೆ. ನಡೆದದ್ದನ್ನು ಮೊದಲು ಹೇಳಲಿಲ್ಲ. ಅವರು ಅದನ್ನು ಬಾವಿ ನೀರಿನ ಡ್ರಮ್ಮಿನಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿದರು. ನಾನು ತೂತಿನ ಎದುರಿಗೇ ನಿಂತಿದ್ದೆ. ಏನೂ ಬರಲಿಲ್ಲ. ಸ್ವಲ್ಪ ಕಾಯೋಣ ಎಂದೆ. ಇನ್ನೂ ಸ್ವಲ್ಪ ಎಂದೆ. ಬಣ್ಣ ಸುಟ್ಟ ವಾಸನೆ ಬರತೊಡಗಿತು. ಅವರು ನನ್ನ ಮುಖವನ್ನೊಮ್ಮೆ ನೋಡಿ ಬಂದ್ ಮಾಡಿದರು. ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿದರೆ ಚುರ್ ಎಂದು ಹಬೆ ಎದ್ದಿತು.

ಆರಿದ ಮೇಲೆ ಕಾಲು ಬಿಚ್ಚಿದರು. ಪಂಪಿನ ಬಟ್ಟಲು ಬರಿದಾಗಿತ್ತು. ಚಕ್ರ ಕೂರುವ ಜಾಗದಲ್ಲಿ ಬರೀ ಅದನ್ನು ತಿರುಗಿಸುವ ಕಂಬಿಯಿತ್ತು, ಅದಕ್ಕೆ ಗ್ರೀಸ್ ಸವರಿತ್ತು. ತುಕ್ಕು ಹಿಡಿಯದಿರಲೆಂದು ನಮ್ಮವರೇ ಸವರಿಟ್ಟಿದ್ದಿರಬೇಕು.

ಆಗ ಅವರಿಗೆ ಎಲ್ಲ ಹೇಳಿದೆ. ಅಲ್ಲೇ ನಿಂತಿದ್ದ ನಿಂಗಣ್ಣನೂ ಹೇಳಿದ. ಸಾಬರು ಬರಿದಾದ ಬಟ್ಟಲೊಳಗೆ ಬೆರಳಾಡಿಸಿ, ಬೋಟು ಜೋರಾಗಿ ಹೋಗುವಾಗ ಎದುರು ನೀರಿನ ಒತ್ತಡಕ್ಕೆ ಒಂದಿಷ್ಟು ನೀರು ತಾನಾಗಿ ಮೇಲೇರಬಹುದು ಎಂದರು. ನಾನೂ ಹಾಗೆಯೇ ಯೋಚಿಸಿದ್ದೆ. ಆದರೆ ತೆಂಗಿನ ಮರಕ್ಕೆ ಕಟ್ಟಿ ನಿಂತಾಗ? ದಡದಲ್ಲಿ ಪೆಟ್ರೋಲ್ ಮುಗಿಯುವ ತನಕ ನಿಂತಿದ್ದಾಗ?

"ನಿಂತಿರೋ ಬೋಟಲ್ಲಿ ಬರಲ್ಲಮ್ಮ. ಹೆಂಗೆ ಬರ್ತದೆ?" ಎಂದರು. ಆಮೇಲೆ, "ನೀವು ನೋಡಿದ್ದು ಸುಳ್ಳು ಅಂತ ನಾನು ಹೇಳಲ್ಲ. ನನ್ ಕೈಯಲ್ಲಿ ಹೇಳೋಕಾಗಲ್ಲ," ಎಂದು ಸಾಮಾನುಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಂಡರು. ಮುಂದೆ ಅವರೇ ಹೊಸ ಚಕ್ರ ತರಿಸಿ ಹಾಕಿದರು. ಮೋಟಾರು ಎಲ್ಲ ಮೋಟಾರುಗಳ ಹಾಗೆ ನಡೆಯಿತು. ನಾನು ಒಂದೆರಡು ಸಲ ಹೋಗಿ ನೋಡಿದೆ. ಆಮೇಲೆ ಹೋಗಲಿಲ್ಲ.

ಸಾಬರು ಬಂದು ಹೋದ ಸಂಜೆ ಅತ್ತೆ ಹಜಾರದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಅದುವರೆಗೂ ಅವರಿಗೆ ನಾನು ಏನೂ ಹೇಳಿರಲಿಲ್ಲ. ಎದುರಿಗೆ ಕೂತು ಕಾಯಿ ಬಿಡಿಸುತ್ತ ಎಲ್ಲವನ್ನೂ ಹೇಳಿದೆ. ಚಕ್ರ, ಪಂಪು, ಒತ್ತಡ ಎಂದೆಲ್ಲ ನಾನು ವಿವರಿಸುತ್ತಿದ್ದರೆ ಅವರು ತಲೆ ತಗ್ಗಿಸಿಕೊಂಡು ಕೇಳಿದರು. ಎಲ್ಲ ಮುಗಿದ ಮೇಲೆ ಕೇಳಿದರು.

"ಆ ನೀರು ಮುಟ್ಟಿ ನೋಡ್ದಾ ಮಗ?"

"ನೋಡ್ದೆ."

"ತಣ್ಣಗಿತ್ತಾ?"

"ಇಲ್ಲ. ಬೆಚ್ಚಗಿತ್ತು."

ಅವರ ಕೈ ಮೊರದಲ್ಲೇ ನಿಂತಿತು. ಆಸ್ಪತ್ರೆಯಲ್ಲಿ ಕೊನೆಯ ಗಳಿಗೆಯಲ್ಲಿ ಮಗನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು, ಅವು ತಣ್ಣಗಾಗಿಹೋಗುವವರೆಗೂ ತಿಕ್ಕುತ್ತ ಕೂತಿದ್ದವರು ಅವರು. "ಬೆಚ್ಚಗಿತ್ತಾ," ಎಂದು ಮತ್ತೊಮ್ಮೆ ತಮ್ಮಷ್ಟಕ್ಕೇ ಅಂದುಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡರು. ಅಂದು ರಾತ್ರಿ ಎಷ್ಟೋ ದಿನಗಳ ಮೇಲೆ ಅವರು ಗಾಢವಾಗಿ ನಿದ್ದೆಹೋದ ಉಸಿರು ನನಗೆ ಕೇಳಿಸುತ್ತಿತ್ತು.

ಇಂಜಿನ್ನಿನಿಂದ ಹೊರಬರುವ ನೀರು ಯಾವಾಗಲೂ ಬೆಚ್ಚಗೇ ಇರುತ್ತದೆ. ಅದರ ಕಾರಣ ನನಗೆ ಗೊತ್ತಿತ್ತು, ಅತ್ತೆಗೆ ಹೇಳಲಿಲ್ಲ. ಅವರು ತೀರಿಕೊಂಡು ಈಗ ವರ್ಷಗಳಾಗಿವೆ. ಆ ನೀರು ಹೇಗೆ ಬಂತೆಂಬುದರ ಕಾರಣ ನನಗೆ ಇನ್ನೂ ಗೊತ್ತಾಗಿಲ್ಲ. ಗೊತ್ತಿರುವವರು ಯಾರಾದರೂ ಸಿಕ್ಕಿ ಹೇಳತೊಡಗಿದರೆ, ಕೂತು ಕೇಳುತ್ತೇನೋ, ಎದ್ದು ಒಳಗೆ ಹೋಗುತ್ತೇನೋ, ಅದೂ ಗೊತ್ತಿಲ್ಲ.